ಕೈ ಎಷ್ಟು ಲೂಸು ಬಿಡಬೇಕು?

ಜಯನಗರ ಏಳನೇ ಬ್ಲಾಕಿನ ಆ ಅಡ್ಡರಸ್ತೆಯಲ್ಲಿ ಯಾರ ಮನೆಯ ಗೋಡೆಗೆ ಮೊಳೆ ಹೊಡೆಯಬೇಕಾದರೂ ಚಕ್ರಪಾಣಿಯವರಿಗೆ ಗೊತ್ತಾಗದ ಹಾಗೆ ಹೊಡೆಯಬೇಕು. ಗೊತ್ತಾಯಿತೋ, ಮುಗಿಯಿತು ಕಥೆ. ಟೇಪು, ಪೆನ್ಸಿಲು, ಸ್ಪಿರಿಟ್ ಲೆವೆಲ್ ಹಿಡಿದುಕೊಂಡು ಬಂದೇ ಬಿಡುತ್ತಾರೆ. ಒಂದು ಕ್ಯಾಲೆಂಡರ್ ನೇತುಹಾಕುವ ಮೊಳೆಗೂ ಅವರಿಗೆ ಮೂಲೆಯಿಂದ ಅಳತೆ ಬೇಕು, ಕಿಟಕಿಯಿಂದ ಅಳತೆ ಬೇಕು. ಅಷ್ಟು ಹೊತ್ತೂ ಮನೆಯವರು ಸುತ್ತಿಗೆ ಹಿಡಿದುಕೊಂಡು ನಿಂತಿರಬೇಕು, ನಡುವೆ ಕಾಫಿಯನ್ನೂ ಕೊಡಬೇಕು. ಮನುಷ್ಯ ಕೆಟ್ಟವರಲ್ಲ, ಪಾಪ. ಯಾರಿಗೂ ಒಂದು ಕೆಟ್ಟ ಮಾತಾಡಿದವರಲ್ಲ. ಆದರೆ ಇವರ ಜೊತೆ ಸಂಸಾರ ಮಾಡುವವರ ಗತಿ ಮಾತ್ರ ಕೇಳಬೇಡಿ.

ಒಂದು ಸರ್ಕಾರಿ ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಜೀವಮಾನವೆಲ್ಲ ದುಡಿದವರು ಅವರು. ಗೇರು, ಬೋಲ್ಟು, ಬೇರಿಂಗುಗಳ ನಕ್ಷೆ ಬರೆಯುವುದು ಕೆಲಸ. ಗೆರೆ ಕೂದಲೆಳೆಯಷ್ಟು ಆಚೀಚೆ ಆದರೂ ಅಲ್ಲಿ ಮೆಷೀನು ಕೂರುವುದಿಲ್ಲ. ಸರಿಯಪ್ಪ, ಕಾರ್ಖಾನೆಗೆ ಅದು ಬೇಕು, ಒಪ್ಪೋಣ. ರಿಟೈರ್ ಆದ ಮೇಲೆ ಆ ಕೂದಲೆಳೆಯನ್ನು ಜೋಪಾನವಾಗಿ ಮನೆಗೆ ತಂದರು ನೋಡಿ, ಅಲ್ಲಿಂದ ಶುರುವಾಯಿತು ಅವರ ಹೆಂಡತಿ ಚೂಡಾಮಣಿಯವರ ವನವಾಸ.

ಮೊದಲು ದೋಸೆಗೆ ಗಂಟು ಬಿದ್ದರು. ದುಂಡಗಿಲ್ಲ ಎಂದು ಕಾವಲಿಯ ಮೇಲೆ ಚಾಕ್‌ಪೀಸಿನಲ್ಲಿ ವೃತ್ತ ಬರೆದು ಕೊಟ್ಟರು. ಆಮೇಲೆ ರಂಗೋಲಿ. ಚುಕ್ಕಿ ಸಾಲು ವಾಲಿದೆ ಎಂದು ಗೇಟಿನಿಂದ ತುಳಸಿಕಟ್ಟೆಯವರೆಗೆ ದಾರ ಎಳೆದು ಕಟ್ಟಿದರು. ಹಾಲಿನವನು ಕಾಲು ತಗಲಿ ಮುಗ್ಗರಿಸಿ ಎರಡು ಪ್ಯಾಕೆಟ್ ಹಾಲನ್ನು ತುಳಸಿಗೇ ಅಭಿಷೇಕ ಮಾಡಿದ. ಒಗ್ಗರಣೆಯನ್ನೂ ಬಿಡಲಿಲ್ಲ.

"ಸಾಸಿವೆ ಎಷ್ಟು ಹಾಕ್ದೆ?"

"ಕೈಯಳತೆ ರೀ."

"ಕೈ ಅನ್ನೋದು ಅಳತೆ ಅಲ್ಲ ಕಣೇ."

ಚೂಡಾಮಣಿಯವರು ಇದೆಲ್ಲವನ್ನೂ ನುಂಗಿಕೊಂಡರು. ನುಂಗಲಾಗದೆ ಹೋದದ್ದು ಹೋದ ವರ್ಷದ ದಸರೆಯ ಗೊಂಬೆ.

ಅವರ ಮನೆಯಲ್ಲಿ ನವರಾತ್ರಿಗೆ ಒಂಬತ್ತು ಮೆಟ್ಟಿಲಿನ ಗೊಂಬೆ ಕೂರಿಸುತ್ತಾರೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗೆ. ಮರದ ರಾಜ, ಮರದ ರಾಣಿ. ಚೂಡಾಮಣಿಯವರ ತಾಯಿ ಮದುವೆಯಲ್ಲಿ ಮಡಿಲಿಗೆ ಹಾಕಿ ಕಳಿಸಿದ ಜೋಡಿ. ಹೋದ ವರ್ಷ ಚೂಡಾಮಣಿಯವರು ಜ್ವರ ಬಂದು ಮಲಗಿ, ಗೊಂಬೆ ಜೋಡಿಸುವ ಕೆಲಸವನ್ನು ಗಂಡನಿಗೆ ಒಪ್ಪಿಸಿದ್ದೇ ತಪ್ಪಾಯಿತು. ಚಕ್ರಪಾಣಿಯವರು ಒಂದೊಂದು ಗೊಂಬೆಯನ್ನೂ ನಿಲ್ಲಿಸಿ ಅಳೆದು, ಗಿಡ್ಡದ್ದು ಕೆಳಗೆ, ಎತ್ತರದ್ದು ಮೇಲೆ ಎಂದು ಅಚ್ಚುಕಟ್ಟಾಗಿ ಇಟ್ಟುಬಿಟ್ಟರು. ಗೇಣುದ್ದದ ರಾಜ ರಾಣಿ ಹೋಗಿ ಕೆಳಗಿನ ಮೆಟ್ಟಿಲಿನಲ್ಲಿ ಶೆಟ್ಟರ ಗೊಂಬೆಯ ಅಂಗಡಿಯ ಬೇಳೆ ಬೆಲ್ಲದ ಪಕ್ಕ ನಿಂತರು. ಸಿಂಹಾಸನದ ಮೇಲೆ ಚನ್ನಪಟ್ಟಣದ ಜಿರಾಫೆ.

ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಏನ್ರೀ ಚೂಡಾಮಣಿ, ಈ ಸಲ ಜಿರಾಫೆಗೆ ಪಟ್ಟಾಭಿಷೇಕನಾ?" ಎಂದು ಒಬ್ಬಾಕೆ ಕೇಳಿಯೇ ಬಿಟ್ಟರು. ಚೂಡಾಮಣಿಯವರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಚಕ್ರಪಾಣಿಯವರು ಮಾತ್ರ ಪಕ್ಕದಲ್ಲೇ ನಿಂತು, "ಎಲಿವೇಶನ್ ಈಗ ಕರೆಕ್ಟಾಗಿ ಬಂದಿದೆ ಮೇಡಂ" ಎಂದು ಎಲ್ಲರಿಗೂ ವಿವರಿಸಿದರು.

ಈ ವರ್ಷ ಪಕ್ಷಮಾಸ ಶುರುವಾಗುತ್ತಿದ್ದ ಹಾಗೆ ಅವರು ಊಟದ ಮೇಜಿನ ಮೇಲೆ ಒಂದು ದೊಡ್ಡ ನಕ್ಷೆ ಹರಡಿದರು. ಒಂಬತ್ತು ಮೆಟ್ಟಿಲು, ಮುಂದಿನ ನೋಟ, ಪಕ್ಕದ ನೋಟ, ಮೇಲಿನ ನೋಟ. ಜಿರಾಫೆ ಅಲ್ಲೇ ಇತ್ತು. ಚೂಡಾಮಣಿಯವರ ಪಿತ್ತ ನೆತ್ತಿಗೇರಿತು. ಒಳಗೆ ಹೋಗಿ, ಪಟ್ಟದ ಗೊಂಬೆಗಳನ್ನು ಹಳೆ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ, ನಾಲ್ಕು ಸೀರೆಯ ಜೊತೆ ಬ್ಯಾಗಿಗೆ ಹಾಕಿಕೊಂಡು ಬಂದರು.

"ಕಲ್ಯಾಣಿ ಮನೆಗೆ ಹೋಗ್ತಿದೀನಿ," ಎಂದರು. ಕಲ್ಯಾಣಿ ಅವರ ತಂಗಿ, ಶ್ರೀನಗರದಲ್ಲಿ ಮನೆ.

"ಯಾವಾಗ ಬರ್ತೀಯ?"

"ನಿಮ್ಮ ಜೀವಮಾನದಲ್ಲಿ ಒಂದೇ ಒಂದು ಕೆಲ್ಸ ಅಳತೆ ಇಲ್ದೆ, ಮನ್ಸಿಗೆ ಬಂದ ಹಾಗೆ ಮಾಡಿ ತೋರ್ಸಿ. ಅವತ್ತು ಬರ್ತೀನಿ. ಇಲ್ದಿದ್ರೆ ಈ ಸಲ ಗೊಂಬೆ ಶ್ರೀನಗರದಲ್ಲೇ. ಮುಂದಿನ ಸಲಾನೂ ಅಲ್ಲೇ."

ಪಟ್ಟದ ಗೊಂಬೆ ಹೋದ ಮೇಲೆ ಮನೆಯಲ್ಲಿ ಇನ್ನೇನು ದಸರೆ? ಚಕ್ರಪಾಣಿಯವರು ಎರಡು ದಿನ ಬಿಗುಮಾನದಲ್ಲಿ ಇದ್ದರು. ಮೂರನೆಯ ದಿನ ಅಳೆದು ತೂಗಿ ಮಾಡಿದ ಉಪ್ಪಿಟ್ಟು ಬಾಣಲೆಯಿಂದ ಇಟ್ಟಿಗೆಯ ಹಾಗೆ ಎದ್ದು ಬಂದಾಗ ಬಿಗುಮಾನ ಇಳಿಯಿತು. ಹೆಂಡತಿ ಬೇಕು ಎನಿಸಿತು. ಅಡುಗೆಗಲ್ಲ. ಆ ಇಟ್ಟಿಗೆಯನ್ನು ನೋಡಿ ನಗುವುದಕ್ಕಾದರೂ ಒಬ್ಬರು ಬೇಕಲ್ಲ.

ಬೆಳಗಿನ ವಾಕಿಂಗಿನಲ್ಲಿ ಜೆ.ಪಿ. ನಗರದ ಮಿನಿ ಫಾರೆಸ್ಟ್ ಹತ್ತಿರ ಒಂದು ಬೋರ್ಡು ಕಣ್ಣಿಗೆ ಬಿತ್ತು. 'ಮನಸ್ಸಿಗೆ ಬಂದ ಹಾಗೆ ಚಿತ್ರ. ಸ್ಕೇಲ್ ಬೇಡ, ರಬ್ಬರ್ ಬೇಡ, ಬುದ್ಧಿಯೂ ಬೇಡ.' ಬೋರ್ಡು ಸ್ವಲ್ಪ ಎಡಕ್ಕೆ ವಾಲಿತ್ತು. ಚಕ್ರಪಾಣಿಯವರು ಮೊದಲು ಅದನ್ನು ನೆಟ್ಟಗೆ ಮಾಡಿದರು, ಆಮೇಲೆ ಒಳಗೆ ಹೋಗಿ ಹೆಸರು ಕೊಟ್ಟರು.

ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ದೊಡ್ಡ ಕೋಣೆ. ಕಲಿಸುವವಳು ಸುರಭಿ ಎಂಬ ಹುಡುಗಿ, ಏಪ್ರನ್ ತುಂಬ ಬಣ್ಣ. ಮೊದಲ ದಿನ ಚಕ್ರಪಾಣಿಯವರು ಟೀ ಸ್ಕ್ವೇರು, ಕಂಪಾಸು, ಸೂಜಿಯ ಹಾಗೆ ಕೆತ್ತಿದ ಪೆನ್ಸಿಲುಗಳೊಂದಿಗೆ ಹಾಜರಾದರು.

"ಅಂಕಲ್, ಅದೆಲ್ಲ ಬ್ಯಾಗಲ್ಲೇ ಇರ್ಲಿ," ಎಂದಳು ಸುರಭಿ. "ಕಣ್ಮುಚ್ಚಿ. ನಿಧಾನಕ್ಕೆ ಉಸಿರು ಬಿಡಿ. ಕೈ ಲೂಸಾಗಿ ಬಿಡಿ."

"ಎಷ್ಟು ಲೂಸು ಬಿಡ್ಬೇಕಮ್ಮ?"

"ಅಂದ್ರೆ?"

"ಪ್ಲಸ್ ಆರ್ ಮೈನಸ್ ಎಷ್ಟು ಅಂತ."

ಸುರಭಿ ಅವರ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಯಿತು. "ಪೂರ್ತಿ ಅಂಕಲ್. ಏನು ಬರುತ್ತೋ ಬರ್ಲಿ ಅಂತ ಬಿಟ್ಬಿಡಿ," ಎಂದು ಮುಂದೆ ಹೋದಳು. ಅವಳು ಇಡೀ ಕೋಣೆ ಸುತ್ತಿ ಬರುವಷ್ಟರಲ್ಲಿ ಚಕ್ರಪಾಣಿಯವರು ಹಾಳೆಯ ನಾಲ್ಕೂ ಕಡೆ ಅರ್ಧರ್ಧ ಇಂಚು ಬಿಟ್ಟು ಮಾರ್ಜಿನ್ ಎಳೆದು ಮುಗಿಸಿದ್ದರು. "ಇದು ಬೇಕಮ್ಮ," ಎಂದರು. "ಇದರ ಒಳಗೆ ಏನು ಬೇಕಾದ್ರೂ ಬರ್ಲಿ, ನಂದೇನೂ ಅಭ್ಯಂತರ ಇಲ್ಲ." ಒಳಗೆ ಏನೂ ಬರಲಿಲ್ಲ.

ಪಕ್ಕದ ಮೇಜಿನಲ್ಲಿ ಬೈರಣ್ಣ ಎಂಬವರು ಕೂರುತ್ತಿದ್ದರು. ಅಂಜನಾಪುರದ ಕಡೆಯ ಹಳೆಯ ಒಕ್ಕಲು ಮನೆ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟಾಗಿ, ಈಗ ಬಾಡಿಗೆ ಮನೆಗಳ ಯಜಮಾನರು. ಬಿ.ಪಿ. ಏರುತ್ತದೆ ಎಂದು ಸೊಸೆ ತಂದು ಇಲ್ಲಿ ಸೇರಿಸಿದ್ದಳು. ಅವರು ಬಿಳಿ ಶರ್ಟಿನ ತೋಳು ಮಡಿಸಿ, ಎರಡೂ ಕೈಯಲ್ಲಿ ಬಣ್ಣ ಬಾಚಿಕೊಂಡು, ಮುದ್ದೆ ಕಟ್ಟುವವರ ಉತ್ಸಾಹದಲ್ಲಿ ಹಾಳೆಗೆ ಮೆತ್ತುತ್ತಿದ್ದರು. ಐದೇ ನಿಮಿಷಕ್ಕೆ ಚಿತ್ರ ಮುಗಿದು, ಕಾಫಿ ಯಾವಾಗ ಎಂದು ಕೇಳುತ್ತಿದ್ದರು.

"ಏನ್ ಸಾ, ಗೆರೆ ಒಡ್ಕಂಡ್ ಕುಂತಿದೀರಾ," ಎಂದರು ಬೈರಣ್ಣ. "ಸೈಟ್ ಡಿವೈಡ್ ಮಾಡ್ತಾ ಇದೀರಾ?"

ಚಕ್ರಪಾಣಿಯವರಿಗೆ ಮೈ ಉರಿದು ಹೋಯಿತು. "ನಿಮ್ಮದು ಅದೇನು?" ಎಂದು ಆ ಕಡೆ ಕೈ ತೋರಿಸಿದರು.

"ಯಾವನಿಗ್ ಗೊತ್ತು ಸಾ. ಏನೋ ಬತ್ತು. ಬಂದಿದ್ನ ಬ್ಯಾಡ ಅನ್ನಕಾಯ್ತದಾ?"

ಮುಂದಿನ ಕ್ಲಾಸುಗಳಲ್ಲೂ ಅದೇ ಹಾಡು. ಎಡಗೈಯಲ್ಲಿ ಬರೆಯಿರಿ ಎಂದರೆ ಎಡಗೈಯಲ್ಲೇ ಚೌಕ ಬರೆದರು. ಸಂಗೀತ ಹಾಕಿ, ಲಯಕ್ಕೆ ತಕ್ಕ ಹಾಗೆ ಬ್ರಷ್ ಆಡಿಸಿ ಎಂದರೆ ತಾಳ ಲೆಕ್ಕ ಹಾಕಿ, ಎಂಟು ಎಂಟಾಗಿ ಗೆರೆ ಎಳೆದರು. ಸುರಭಿ ಒಳ್ಳೆಯ ಹುಡುಗಿ, ನಗು ಬಂದಾಗಲೆಲ್ಲ ನಲ್ಲಿಯ ಹತ್ತಿರ ಹೋಗಿ ಬ್ರಷ್ ತೊಳೆಯುತ್ತಿದ್ದಳು.

ಇತ್ತ ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿತ್ತು, ಅದರ ಮಾರನೆಯ ದಿನವೇ ಗೊಂಬೆ ಕೂರಿಸಬೇಕು. ಚಕ್ರಪಾಣಿಯವರು ದಿನಕ್ಕೆರಡು ಸಲ ಕ್ಯಾಲೆಂಡರ್ ನೋಡತೊಡಗಿದರು. ಆಗ ಅವರ ತಲೆಗೆ ಒಂದು ಅಮೋಘವಾದ ಉಪಾಯ ಹೊಳೆಯಿತು. ಮನಸ್ಸಿಗೆ ಬಂದ ಹಾಗೆ ಮಾಡಲು ಆಗುವುದಿಲ್ಲ, ಸರಿ. ಮನಸ್ಸಿಗೆ ಬಂದ ಹಾಗೆ ಕಾಣುವಂತೆ ಮಾಡಬಹುದಲ್ಲ? ಅದಕ್ಕೇನು, ಒಂದು ಒಳ್ಳೆ ಡ್ರಾಯಿಂಗ್ ಇದ್ದರೆ ಆಯಿತು.

ಮೂರು ದಿನ ಊಟದ ಮೇಜಿನ ಮೇಲೆ ಕೆಲಸ ನಡೆಯಿತು. ಮೊದಲು ಒಂದು ರಫ್ ಹಾಳೆಯಲ್ಲಿ ಎಲ್ಲೆಲ್ಲಿ ಬಣ್ಣ ತಾನಾಗಿ ಚೆಲ್ಲಬೇಕು ಎಂದು ಗುರುತು ಹಾಕಿದರು. 'ಆಕಸ್ಮಿಕ ಹನಿ ಒಂದು', 'ಆಕಸ್ಮಿಕ ಹನಿ ಎರಡು' ಎಂದು ಹೆಸರಿಟ್ಟರು. ಆಮೇಲೆ ಒಳ್ಳೆಯ ಹಾಳೆಯ ಮೇಲೆ ಮಕ್ಕಳ ಔಷಧಿಯ ಡ್ರಾಪರ್‌ನಿಂದ ಒಂದೊಂದೇ ಹನಿಯನ್ನು ಉಸಿರು ಬಿಗಿ ಹಿಡಿದು ಆಕಸ್ಮಿಕವಾಗಿ ಬೀಳಿಸಿದರು. ಒಂದು ಹನಿ ನಿಜವಾಗಿಯೂ ಕೈ ತಪ್ಪಿ ಬಿತ್ತು. ಅಯ್ಯೋ ಎಂದು ಅದನ್ನು ಹತ್ತಿಯಿಂದ ಒರೆಸಿ ತೆಗೆದರು.

ಚಿತ್ರ ಸುರುಳಿ ಸುತ್ತಿ, ಬಸ್ಸು ಹಿಡಿದು, ಶ್ರೀನಗರಕ್ಕೆ ಹೋದರು. ಚೂಡಾಮಣಿಯವರು ಚಿತ್ರವನ್ನು ಸೋಫಾದ ಮೇಲೆ ಹರಡಿ ನೋಡಿದರು. ಕೆಂಪು ಚೆಲ್ಲಿದೆ, ನೀಲಿ ಹರಿದಿದೆ, ಅಲ್ಲಲ್ಲಿ ಹಳದಿ ಸಿಡಿದಿದೆ. ಅವರ ಮುಖ ಮೆತ್ತಗಾಯಿತು. "ರೀ, ನಿಜವಾಗ್ಲೂ ನೀವೇನಾ?" ಎಂದು ಗಂಡನ ಕಡೆ ನೋಡಿದ ಆ ನೋಟದಲ್ಲಿ ಎಷ್ಟೋ ವರ್ಷದಿಂದ ಕಾಣದಿದ್ದ ಪ್ರೀತಿ ಇತ್ತು. ಚಕ್ರಪಾಣಿಯವರು ಉಬ್ಬಿ ಹೋದರು. ಬ್ಯಾಗು ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದರು.

"ಇದೇನ್ರೀ, ಮೂಲೇಲಿ ಪೆಟ್ಟಿಗೆ?"

ಬಲಗಡೆ ಕೆಳಗಿನ ಮೂಲೆಯಲ್ಲಿ ತೆಳ್ಳಗೆ ಪೆನ್ಸಿಲಿನ ಒಂದು ಚೌಕ. ಕಾರ್ಖಾನೆಯಲ್ಲಿ ಪ್ರತಿ ನಕ್ಷೆಗೂ ಹಾಕುತ್ತಿದ್ದದ್ದು. ಕೈ ತನ್ನಷ್ಟಕ್ಕೆ ಹಾಕಿಬಿಟ್ಟಿತ್ತು, ಅವರಿಗೆ ನೆನಪೂ ಇರಲಿಲ್ಲ. ಚೂಡಾಮಣಿಯವರು ಬಗ್ಗಿ ಓದಿದರು. "ಬರೆದವರು, ಚಕ್ರಪಾಣಿ. ಪರಿಶೀಲಿಸಿದವರು, ಚಕ್ರಪಾಣಿ. ಸ್ಕೇಲ್, ಒಂದಕ್ಕೆ ಒಂದು."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಕಲ್ಯಾಣಿ ಕಿಸಕ್ಕನೆ ನಕ್ಕು ಒಳಗೆ ಓಡಿದಳು. ಚೂಡಾಮಣಿಯವರು ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಿತ್ರವನ್ನು ಮೆಲ್ಲಗೆ ಸುತ್ತಿ ಅವರ ಕೈಗೆ ಕೊಟ್ಟರು.

"ನಿಮ್ಮ ಕೈಲಿ ಆಗಲ್ಲ ರೀ. ಹೋಗ್ಲಿ ಬಿಡಿ, ಅದೇನು ತಪ್ಪಲ್ಲ. ನಾನಿಲ್ಲೇ ಗೊಂಬೆ ಕೂರಿಸ್ತೀನಿ. ಹಬ್ಬದ ದಿನ ನೀವೂ ಊಟಕ್ಕೆ ಬನ್ನಿ."

ಊಟಕ್ಕೆ ಬನ್ನಿ! ಕಟ್ಟಿಕೊಂಡ ಗಂಡನನ್ನು ನೆಂಟರ ಹಾಗೆ ಕರೆಯುವುದೇ? ಚಕ್ರಪಾಣಿಯವರು ಬಸ್ಸಿನಲ್ಲಿ ಕಿಟಕಿ ಪಕ್ಕ ಸುರುಳಿ ಹಿಡಿದುಕೊಂಡು ಕೂತರು. ಕಂಡಕ್ಟರ್ ಎಲ್ಲಿಗೆ ಎಂದು ಎರಡು ಸಲ ಕೇಳಬೇಕಾಯಿತು.

ಮಾರನೆಯ ದಿನ ಕ್ಲಾಸಿಗೆ ಹೋಗುವ ಮನಸ್ಸೇ ಇರಲಿಲ್ಲ. ಆದರೆ ಮನೆಯಲ್ಲಿ ಎಲ್ಲ ಇದ್ದಲ್ಲೇ ಇತ್ತು. ಡಬ್ಬಿಗಳು ಸಾಲಾಗಿ, ಚಪ್ಪಲಿಗಳು ಸಾಲಾಗಿ, ದಿಂಬಿನ ಅಂಚು ಹಾಸಿಗೆಯ ಅಂಚಿಗೆ ಸರಿಯಾಗಿ. ಅದನ್ನು ಕೆಡಿಸಲು ಒಬ್ಬರೂ ಇಲ್ಲ. ಆ ಅಚ್ಚುಕಟ್ಟು ನೋಡಿ ಅವರಿಗೇ ದಿಗಿಲಾಯಿತು. ಎದ್ದು ಹೊರಟರು. ಟೀ ಸ್ಕ್ವೇರೂ ಬೇಡ, ಪೆನ್ಸಿಲೂ ಬೇಡ. ಯಾರಿಗೆ ತೋರಿಸಬೇಕು ಇನ್ನು?

ಬಿಳಿ ಹಾಳೆಯ ಮುಂದೆ ಸುಮ್ಮನೆ ಕೈ ಕಟ್ಟಿ ಕೂತರು. ಬೈರಣ್ಣ ಎಂದಿನಂತೆ ಐದು ನಿಮಿಷದಲ್ಲಿ ಕೆಲಸ ಮುಗಿಸಿ, ಕೈತುಂಬ ಉಳಿದ ಕೆಂಪು ಬಣ್ಣವನ್ನು ಏನು ಮಾಡುವುದೆಂದು ಅತ್ತಿತ್ತ ನೋಡಿದರು.

"ಸಾ, ನಂದು ಮಿಕ್ಬುಡ್ತು. ನಿಮ್ದು ಖಾಲಿ ಅದೆ. ಹಾಕ್ತೀನಿ ಇರಿ," ಎಂದವರೇ ಪಕ್ಕದ ಎಲೆಗೆ ಪಲ್ಯ ಬಡಿಸುವ ಧಾರಾಳದಲ್ಲಿ ಒಂದು ಮುದ್ದೆ ಕೆಂಪನ್ನು ಚಕ್ರಪಾಣಿಯವರ ಹಾಳೆಗೆ ಪಚಕ್ಕನೆ ಬಡಿದರು.

"ರೀ ಸ್ವಾಮಿ! ಏನ್ರೀ ಇದು!"

ಅದು ನಡುಮಧ್ಯಕ್ಕಾದರೂ ಬಿದ್ದಿದ್ದರೆ ಒಂದು ಮಾತಿತ್ತು. ಅಲ್ಲೂ ಅಲ್ಲ, ಮೂಲೆಗೂ ಅಲ್ಲ, ಎರಡರ ನಡುವೆ ಎಲ್ಲೋ. ಚಕ್ರಪಾಣಿಯವರಿಗೆ ತಡೆಯಲಾಗಲಿಲ್ಲ. ಬೇರೆ ಏನೂ ಸಿಗದೆ ಅಂಗೈಯಿಂದಲೇ ಒರೆಸಿದರು. ಅದು ಹರಡಿತು. ಹರಡಿದ್ದನ್ನು ಸರಿ ಮಾಡಲು ಈ ಕಡೆಯಿಂದ ಒರೆಸಿದರು, ಆ ಕಡೆ ಬಾಲ ಬಂತು. ಬಾಲ ಒರೆಸಲು ಹೋದರೆ ಮೊಣಕೈ ನೀಲಿಯ ಬಟ್ಟಲಿನಲ್ಲಿ ಅದ್ದಿ ಎದ್ದಿತು, ಮೊಣಕೈ ಹೋದಲ್ಲೆಲ್ಲ ನೀಲಿ. ನೀಲಿಯನ್ನು ಮುಚ್ಚಬೇಕೆಂದು ಹಳದಿ ಬಾಚಿಕೊಂಡರು. ಹಳದಿ ನೀಲಿ ಸೇರಿದಲ್ಲಿ ಎಳೆ ಬಾಳೆಎಲೆಯಂಥ ಒಂದು ಹಸಿರು ಎದ್ದಿತು. ಅವರು ಕೈ ತಡೆದು ನೋಡಿದರು. ಅಲ್ಲಾ, ಇದನ್ನು ಯಾರು ಹಾಕಿದ್ದು? ಎಷ್ಟು ಚೆನ್ನಾಗಿದೆ!

ಇನ್ನೊಂದು ಸ್ವಲ್ಪ ಹಳದಿ ತೆಗೆದುಕೊಂಡರು. ಈ ಸಲ ಮುಚ್ಚುವುದಕ್ಕಲ್ಲ.

ಆಮೇಲೆ ಏನಾಯಿತೆಂದು ಸರಿಯಾಗಿ ಹೇಳಲು ಅವರಿಗೂ ಬರುವುದಿಲ್ಲ. ಎರಡೂ ಕೈ ಓಡುತ್ತಿದ್ದವು. ಬಾಯಲ್ಲಿ ಏನೋ ಒಂದು ರಾಗ. ಉಪ್ಪಿಟ್ಟಿನ ಸಂಕಟ, ಊಟಕ್ಕೆ ಬನ್ನಿ ಎಂದ ಅವಮಾನ, ಮನೆಯ ಆ ಹಾಳು ಮೌನ, ಎಲ್ಲ ಬೆರಳಿನಿಂದ ಇಳಿದು ಹೋದ ಹಾಗಾಯಿತು. ಹಾಳೆ ಮುಗಿದದ್ದೂ ತಿಳಿಯಲಿಲ್ಲ.

"ಸಾ, ಸಾ! ಅದು ನಂದು!" ಎಂದು ಬೈರಣ್ಣ ಕೂಗಿಕೊಂಡರು. ಚಕ್ರಪಾಣಿಯವರು ತಮ್ಮ ಹಾಳೆ ದಾಟಿ, ಮೇಜು ದಾಟಿ, ಬೈರಣ್ಣನವರ ಚಿತ್ರದೊಳಗೆ ಒಂದು ಮೊಳದಷ್ಟು ನುಗ್ಗಿದ್ದರು.

"ಒತ್ತುವರಿ ಆಗೋಯ್ತು ಬೈರಣ್ಣ, ಕ್ಷಮಿಸಿ," ಎಂದು ಚಕ್ರಪಾಣಿಯವರು ಮೊದಲ ಸಲ ಆ ಕೋಣೆಯಲ್ಲಿ ಗಟ್ಟಿಯಾಗಿ ನಕ್ಕರು. ಸುರಭಿ ದೂರದಲ್ಲಿ ನಿಂತು ನೋಡುತ್ತಿದ್ದಳು, ಹತ್ತಿರ ಬರಲಿಲ್ಲ.

ಒಣಗುವವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ. ಹಸಿ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕೆಳಗಿಳಿದು ಆಟೋ ಹತ್ತಿದರು. "ಸಾರ್, ಸೀಟಿಗೆ ತಾಗ್ಸ್ಬೇಡಿ, ಮೊನ್ನೆ ಹಾಕ್ಸಿದ ಹೊಸ ಕವರ್ರು" ಎಂದು ಡ್ರೈವರ್ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ.

ಶ್ರೀನಗರದಲ್ಲಿ ಬಾಗಿಲು ತೆಗೆದ ಕಲ್ಯಾಣಿ ಕಿಟಾರನೆ ಕಿರುಚಿದಳು. "ಭಾವಾ! ಎಲ್ಲಿ ಬಿದ್ರಿ? ಅಕ್ಕಾ, ಬೇಗ ಬಾರೇ, ಭಾವಂಗೆ ರಕ್ತ!"

ತಲೆ, ಕಿವಿ, ಶರ್ಟು ಎಲ್ಲ ಕೆಂಪು. ಚೂಡಾಮಣಿಯವರು ಬಿದ್ದಂಬೀಳ ಓಡಿ ಬಂದರು. ಗಂಡನ ಹಣೆ ಮುಟ್ಟಿ ನೋಡಿ, ಬೆರಳು ಮೂಸಿ, ಬಣ್ಣ ಎಂದು ಗೊತ್ತಾದ ಮೇಲೆ, "ಎದೆ ಒಡೆದು ಹೋಯ್ತಲ್ರೀ ನಂಗೆ!" ಎಂದು ಗದರಿದರು. ಆಮೇಲೆ ಹಾಳೆ ಕಣ್ಣಿಗೆ ಬಿತ್ತು.

ಹೋದ ಸಲದ ಪೆಟ್ಟಿಗೆ ಮರೆತಿರಲಿಲ್ಲ. ನಾಲ್ಕೂ ಮೂಲೆ ನೋಡಿದರು. ಹಿಂದೆ ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದು, ಒಳಗೆಲ್ಲಾದರೂ ಪೆನ್ಸಿಲಿನ ಗೆರೆ ಇದೆಯೇ ಎಂದು ಹುಡುಕಿದರು. ಏನೂ ಇಲ್ಲ.

"ಏನ್ರೀ ಇದು?"

ಚಕ್ರಪಾಣಿಯವರು ಬಾಯಿ ತೆರೆದರು. ಮದುವೆಯಾದಂದಿನಿಂದ ಹೆಂಡತಿಯ ಯಾವ ಪ್ರಶ್ನೆಗೂ ಅವರ ಹತ್ತಿರ ಉತ್ತರ ಇಲ್ಲದೆ ಹೋದದ್ದಿಲ್ಲ. ಹಾಲು ಯಾಕೆ ಒಡೆಯಿತು, ಪಕ್ಕದ ಮನೆ ಸೊಸೆ ಯಾಕೆ ಮುನಿಸಿಕೊಂಡಳು, ಮೆಟ್ರೋ ಯಾಕೆ ತಡ, ಎಲ್ಲಕ್ಕೂ ತಟ್ಟನೆ ಕಾರಣ ಹೇಳಿದವರು. ಈಗ ಚಿತ್ರದ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು.

"ಗೊತ್ತಿಲ್ಲ ಕಣೇ," ಎಂದರು.

ಚೂಡಾಮಣಿಯವರು ಹಾಳೆ ಕೆಳಗಿಳಿಸಿದರು. "ಏನಂದ್ರಿ?"

"ಗೊತ್ತಿಲ್ಲ ಅಂದೆ. ಏನೋ ಬಂತು."

"ಕಲ್ಯಾಣೀ, ಬಾರೇ ಇಲ್ಲಿ! ಇವರು ಗೊತ್ತಿಲ್ಲ ಅಂತಿದಾರೆ!" ಎಂದು ಅವರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ಕಲ್ಯಾಣಿಯ ಮುಂದೆ ಇನ್ನೊಂದು ಸಲ ಹೇಳಿಸಿದರು. ಆಮೇಲೆ ಅಕ್ಕ ತಂಗಿ ಇಬ್ಬರೂ ಸೋಫಾದ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಚಕ್ರಪಾಣಿಯವರೂ ಏನು ಮಾಡಬೇಕೆಂದು ತೋಚದೆ ನಕ್ಕರು.

ನಗು ನಿಂತ ಮೇಲೆ ಚೂಡಾಮಣಿಯವರು ಕಣ್ಣೊರೆಸಿಕೊಂಡು, ಗಂಡನನ್ನು ನೆಟ್ಟಗೆ ನೋಡುತ್ತ ಕೇಳಿದರು. "ಸರಿ. ಗೊಂಬೆ ಹೇಗೆ ಕೂರಿಸ್ಬೇಕು? ಹೇಳಿ ನೋಡೋಣ."

ಅಯ್ಯೋ ದೇವರೇ! ಇಂಥ ಪ್ರಶ್ನೆ ಕೇಳುವುದೇ? ಒಂಬತ್ತು ಮೆಟ್ಟಿಲೂ ಚಕ್ರಪಾಣಿಯವರ ಕಣ್ಣ ಮುಂದೆ ಬಂದು ನಿಂತವು. ಯಾವ ಮೆಟ್ಟಿಲು ಎಷ್ಟೆತ್ತರ, ಯಾವ ಗೊಂಬೆಗೆ ಎಷ್ಟು ಜಾಗ, ದೀಪ ಎಲ್ಲಿಟ್ಟರೆ ನೆರಳು ಬೀಳುವುದಿಲ್ಲ, ಎಲ್ಲ ಅಂಗುಲ ಅಂಗುಲವಾಗಿ ನಾಲಿಗೆಯ ತುದಿಗೆ ಬಂದು ಕೂತಿತು. ಗಂಟಲಿನ ಗಂಟು ಮೇಲೆ ಹೋಯಿತು, ಕೆಳಗೆ ಬಂತು. ಕಲ್ಯಾಣಿ ಉಸಿರು ಬಿಗಿ ಹಿಡಿದು ನೋಡುತ್ತಿದ್ದಳು.

"ಅದೂ ಗೊತ್ತಿಲ್ಲ," ಎಂದರು ಚಕ್ರಪಾಣಿಯವರು.

ಹಸಿ ಸುಳ್ಳು. ಸುಳ್ಳೆಂದು ಕಲ್ಯಾಣಿಗೂ ಗೊತ್ತಿತ್ತು, ಚೂಡಾಮಣಿಯವರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಆದರೆ ಆ ಸುಳ್ಳು ಹೇಳುವುದಕ್ಕೆ ಗಂಡ ಪಟ್ಟ ಪಾಡನ್ನು ಅವರು ಕಣ್ಣಾರೆ ನೋಡಿದ್ದರು. ತನಗೋಸ್ಕರ ಇಷ್ಟು ಕಷ್ಟಪಟ್ಟು ಈ ಮನುಷ್ಯ ಎಂದೂ ಬಾಯಿ ಮುಚ್ಚಿಕೊಂಡದ್ದಿಲ್ಲ ಎನಿಸಿ ಅವರ ಕಣ್ಣು ಮತ್ತೆ ತುಂಬಿ ಬಂತು, ಈ ಸಲ ನಗುವಿನಿಂದಲ್ಲ.

"ಬಚ್ಚಲಲ್ಲಿ ಬಿಸಿನೀರಿದೆ, ಮುಖ ತೊಳ್ಕೊಳ್ಳಿ," ಎಂದರು. "ಅಷ್ಟರಲ್ಲಿ ಸೀರೆ ಮಡಿಸಿ ಬ್ಯಾಗಿಗೆ ಹಾಕ್ಕೊಂಡು ಬರ್ತೀನಿ."